ತಕ್ಕದ್ದು ಮತ್ತು ಬಹುದು

ಸೌಮ್ಯ ಆ ದಿನ ಪಕ್ಷದ ಅಧ್ಯಕ್ಷರ ಮನೆಗೆ ಹೋದದ್ದು ಟಿಕೆಟ್ ಕೇಳುವುದಕ್ಕಲ್ಲ. ಮುಂದಿನ ಅಧಿವೇಶನಕ್ಕೆ ಬರಲಿದ್ದ ಒಂದು ಮಸೂದೆಯ ಹಲ್ಲು ಒಂದೆರಡು ಕೀಳಿಸಿಕೊಂಡು ಬರೋಣ ಎಂದು ಹೋಗಿದ್ದಳು.

ಅದೇ ಅವಳ ಕಸುಬು. ಬೆಂಗಳೂರಿನ ತಂತ್ರಜ್ಞಾನ ಕಂಪನಿಗಳು ಸೇರಿ ಕಟ್ಟಿಕೊಂಡಿದ್ದ ಒಕ್ಕೂಟವೊಂದರ ಪರವಾಗಿ ಅವಳು ಮಂತ್ರಿಗಳನ್ನು, ಕಾರ್ಯದರ್ಶಿಗಳನ್ನು, ಶಾಸಕರನ್ನು ಕಂಡು, ಕಾಫಿ ಕುಡಿದು, ಮಕ್ಕಳ ಓದು ವಿಚಾರಿಸಿ, ಎದ್ದು ಬರುವ ಹೊತ್ತಿಗೆ ಕಾನೂನಿನ ಯಾವುದೋ ಒಂದು ಮೂಲೆಯನ್ನು ಕಂಪನಿಗಳಿಗೆ ಬೇಕಾದಂತೆ ಮಡಿಸಿಟ್ಟು ಬರುತ್ತಿದ್ದಳು. ಅವಳ ವಿಸಿಟಿಂಗ್ ಕಾರ್ಡಿನಲ್ಲಿ ‘ಸರ್ಕಾರಿ ವ್ಯವಹಾರಗಳ ನಿರ್ದೇಶಕಿ’ ಎಂದಿತ್ತು. ಪತ್ರಿಕೆಯವರು ಅದನ್ನು ಲಾಬಿ ಎನ್ನುತ್ತಿದ್ದರು. ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಅವಳ ಗಂಡ ರುದ್ರಮೂರ್ತಿ ಮಾತ್ರ, ಯಾರಾದರೂ ಕೇಳಿದರೆ, “ನಾನು ಕೊಬ್ಬರಿ ದಲ್ಲಾಳಿ, ನಮ್ಮನೆಯೋಳು ಕಾನೂನು ದಲ್ಲಾಳಿ” ಎಂದು ನೆಟ್ಟಗೆ ಹೇಳಿಬಿಡುತ್ತಿದ್ದ. ಅವನು ಕಡೂರಿನಲ್ಲಿ, ಅವಳು ಬೆಂಗಳೂರಿನಲ್ಲಿ. ಶನಿವಾರದ ರೈಲು ಇಬ್ಬರ ಸಂಸಾರವನ್ನೂ ತೂಗಿಸಿಕೊಂಡು ಹೋಗುತ್ತಿತ್ತು.

ಅಧ್ಯಕ್ಷರು ಅವತ್ತು ಸುಸ್ತಾಗಿದ್ದರು. ಕಡೂರು ಕಡೆಯ ಒಂದು ಕ್ಷೇತ್ರಕ್ಕೆ ಇಬ್ಬರು ಮುಖಂಡರು ಟಿಕೆಟ್‌ಗಾಗಿ ಜುಟ್ಟು ಹಿಡಿದುಕೊಂಡು ಕೂತಿದ್ದರು. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬ ಬಂಡಾಯ. ಎದುರಿಗೆ ಸೌಮ್ಯ ಮಸೂದೆಯ ಮಾತು ತೆಗೆದಾಗ ಅವರು ಅವಳ ಮುಖವನ್ನೇ ನೋಡುತ್ತಾ, “ನಿಮ್ಮ ತವರು ಅಜ್ಜಂಪುರ ಅಲ್ವೇನಮ್ಮ? ಗಂಡನ ಮನೆ ಕಡೂರು. ಅತ್ತೆ ಪಂಚಾಯ್ತಿ ಅಧ್ಯಕ್ಷೆ ಆಗಿದ್ದೋರು” ಎಂದರು. ಆಮೇಲೆ ಅವಳ ಬುದ್ಧಿಯನ್ನು ಹೊಗಳಿದರು. ಕಾಫಿ ತರಿಸಿದರು. ಹಾಸ್ಟೆಲಿನಲ್ಲಿದ್ದ ಮಗನ ಓದು ವಿಚಾರಿಸಿದರು. ಕಾರು ಹತ್ತಿ ಗೇಟು ದಾಟಿದ ಮೇಲೆ ಸೌಮ್ಯಳಿಗೆ ಹೊಳೆಯಿತು: ಇಷ್ಟು ವರ್ಷ ತಾನು ಬೇರೆಯವರಿಗೆ ಮಾಡುತ್ತಿದ್ದುದನ್ನು ಅವರು ಅಚ್ಚುಕಟ್ಟಾಗಿ ತನಗೇ ಮಾಡಿ ಮುಗಿಸಿದ್ದರು. ಚುನಾವಣೆಗೆ ನಿಲ್ಲಲು ಯಾವ ಗಳಿಗೆಯಲ್ಲಿ ಹೂಂ ಎಂದೆ ಎನ್ನುವುದು ಅವಳಿಗೆ ನೆನಪಾಗಲಿಲ್ಲ. ಮಸೂದೆಯ ಬಗ್ಗೆ ಅವರು ಒಂದಕ್ಷರವನ್ನೂ ಆಡಿರಲಿಲ್ಲ.

ಒಕ್ಕೂಟದವರು ಹಿಗ್ಗಿದರು. ಬಾಗಿಲಲ್ಲಿ ಕಾಯುತ್ತಿದ್ದವಳು ಒಳಗೇ ಹೋಗಿ ಕೂರುತ್ತಾಳೆಂದರೆ ಯಾರಿಗೆ ಬೇಡ? ರಜೆ ಕೊಟ್ಟು, ಹಾರ ಹಾಕಿ ಕಳಿಸಿದರು.

ಕಡೂರಿನ ಮನೆಯಲ್ಲಿ ಅತ್ತೆ ದಾಕ್ಷಾಯಣಮ್ಮ ಸೊಸೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿಕೊಂಡು ಮೇಲಿಂದ ಕೆಳಗೆ ನೋಡಿದರು. ಎರಡು ಅವಧಿ ಪಂಚಾಯ್ತಿ ಆಳಿದ ಹೆಂಗಸು. ಚುನಾವಣೆ ಎಂದರೆ ಅವರಿಗೆ ಹಳೇ ಮಂಡಿನೋವು ಸಹ ಮರೆತು ಹೋಗುತ್ತಿತ್ತು.

“ಮೊದ್ಲು ಈ ಬಿಸ್ಕತ್ತು ಬಣ್ಣದ ಸೀರೆ ಬಿಚ್ಚಾಕು. ದೂರದಿಂದ ನೋಡಿದ್ರೆ ನೀನು ಇದ್ದೀಯೋ ಇಲ್ವೋ ಗೊತ್ತಾಗಲ್ಲ ಕಣೇ.”

“ಕಾಣದ ಹಾಗೆ ಇರೋದೇ ನನ್ನ ಕೆಲಸ ಆಗಿತ್ತು ಅತ್ತೆ.”

“ಓಟು ಕೇಳೋಳು ಕಾಣದಂಗಿದ್ರೆ ಓಟೂ ಕಾಣಲ್ಲ.”

ಚುನಾವಣೆ ಘೋಷಣೆಗೆ ಇನ್ನೂ ಕೆಲವು ತಿಂಗಳಿದ್ದವು. ಅತ್ತೆ, ಸೊಸೆ, ಒಂದು ಜೀಪು. ಪಂಚನಹಳ್ಳಿಯಲ್ಲಿ ಮೊದಲ ಸಭೆ. ಸೌಮ್ಯ ಬೆಂಗಳೂರಿನಲ್ಲಿ ‘ಸ್ಟೇಕ್‌ಹೋಲ್ಡರ್ಸ್’ ಎಂದು ಇಂಗ್ಲಿಷಿನಲ್ಲಿ ನೂರಾರು ಸಲ ಆಡಿದ್ದ ಮಾತನ್ನು ಕನ್ನಡಕ್ಕೆ ಇಳಿಸಿಕೊಂಡು ಬಂದಿದ್ದಳು. “ನಾನು ಗೆದ್ದರೆ ಎಲ್ಲ ಪಾಲುದಾರರನ್ನೂ ಒಂದೇ ಮೇಜಿನ ಮುಂದೆ ಕೂರಿಸುತ್ತೇನೆ! ಪಾಲುದಾರರ ಒಪ್ಪಿಗೆ ಇಲ್ಲದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ!”

ಜನ ತಲೆದೂಗಿದರು. ಸೌಮ್ಯಳಿಗೆ ಖುಷಿಯಾಯಿತು. ಮಾರನೆಯ ಬೆಳಿಗ್ಗೆ ಮುದ್ದಪ್ಪ ಎನ್ನುವ ಮುದುಕರೊಬ್ಬರು ತಮ್ಮನನ್ನೂ ತಮ್ಮನ ಮಕ್ಕಳನ್ನೂ ಕರೆದುಕೊಂಡು ಕಡೂರಿನ ಮನೆಗೇ ಬಂದರು.

“ಪಾಲುದಾರ್ರನ್ನ ಕೂರಿಸ್ತೀನಿ ಅಂದ್ರಂತಲ್ಲ ತಾಯಿ, ಬಂದಿದ್ದೀವಿ. ಬೋರ್‌ವೆಲ್ ಇರೋ ಕಡೆ ಹೊಲ ನನ್ಗೆ ಬರ್ಬೇಕು, ಇವ್ನು ಬಿಡಂಗಿಲ್ಲ ಅಂತಾನೆ. ಮೇಜು ಎಲ್ಲೈತೆ?”

ಸೌಮ್ಯ ತಬ್ಬಿಬ್ಬಾದಳು. ದಾಕ್ಷಾಯಣಮ್ಮ ಮಾತ್ರ ಗಂಭೀರವಾಗಿ ಎಲ್ಲರನ್ನೂ ಒಳಗೆ ಕರೆದು, ಚಿತ್ರಾನ್ನ ಬಡಿಸಿ, ಮಧ್ಯಾಹ್ನದೊಳಗೆ ಅಣ್ಣತಮ್ಮಂದಿರಿಗೆ ದಿನ ಬಿಟ್ಟು ದಿನ ನೀರು ಹಾಯಿಸಿಕೊಳ್ಳುವಂತೆ ಒಪ್ಪಿಸಿ ಕಳಿಸಿದರು. ಪಾಲಿನ ತಂಟೆ ಹಾಗೇ ಉಳಿಯಿತು, ಜಗಳ ನಿಂತಿತು. ಆ ಮನೆಯ ಓಟೆಲ್ಲ ನಮ್ಮದೇ ಎಂದು ಅತ್ತೆ ಬೆರಳು ಮಡಿಸಿಕೊಂಡರು. ಅವತ್ತಿನಿಂದ ಭಾಷಣ ಬರೆಯುವ ಕೆಲಸ ಸೊಸೆಯ ಕೈತಪ್ಪಿತು.

ಹೀಗೆ ಊರೂರು ತಿರುಗುತ್ತಾ ಒಂದು ದಿನ ಚೌಳಹಿರಿಯೂರಿನಿಂದ ಒಳಕ್ಕೆ, ಟಾರು ರಸ್ತೆ ಮುಗಿದು ಮಣ್ಣು ದಾರಿ, ಜಾಲಿ ಉಳಿಯುವ ಕಡೆ, ಒಂದು ಸಣ್ಣ ಊರಿಗೆ ಹೋದರು. ಊರೊಳಗೆ ನರಪಿಳ್ಳೆಯಿಲ್ಲ. ಜನವೆಲ್ಲ ಕೆರೆ ಏರಿಯ ಮೇಲೆ ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಸಾಲಿನ ತುದಿಯಲ್ಲಿ ರೇಷನ್ ಅಂಗಡಿಯವನು ಬೆರಳಚ್ಚಿನ ಯಂತ್ರವನ್ನು ಕೂಸಿನಂತೆ ಎದೆಗವುಚಿಕೊಂಡು ಕಲ್ಲಿನ ಮೇಲೆ ಕೂತಿದ್ದ. ಊರಿನಲ್ಲಿ ಮೊಬೈಲ್ ನೆಟ್‌ವರ್ಕ್ ಇರಲಿಲ್ಲ. ಏರಿಯ ಮೇಲೆ ಗಾಳಿ ಬಂದಂತೆ ಬಂದು ಹೋಗುತ್ತಿತ್ತು. ಹೆಬ್ಬೆಟ್ಟು ಇಲ್ಲಿ ಒತ್ತಬೇಕು, ಅಕ್ಕಿ ಕೆಳಗೆ ಹೋಗಿ ತಗೊಳ್ಳಬೇಕು.

ಸಾಲಿನಲ್ಲಿದ್ದ ಈರಕ್ಕನ ಬಲಗೈ ಮಣಿಕಟ್ಟು ಸೊಟ್ಟಗಿತ್ತು. “ಹೋದ ಮಳೆಗಾಲ ಇಲ್ಲೇ ಜಾರಿ ಬಿದ್ದೆ. ಮೂಳೆ ಕೂಡ್ತು, ಹೆಬ್ಬೆಟ್ಟೂ ಈಗ ಸೊಟ್ಟಕ್ಕೇ ಬೀಳ್ತದೆ. ಯಂತ್ರ ನನ್ನ ನಾನಲ್ಲ ಅಂತದೆ.”

“ಟವರ್ ಹಾಕಿ ಅಂತ ಯಾರನ್ನೂ ಕೇಳಲಿಲ್ವೇ?” ಸೌಮ್ಯ ವಿಚಾರಿಸಿದಳು.

“ಕೇಳ್ದೆ ಇರ್ತೀವಾ? ಗುಂಡಿ ತೋಡಿ ಹೋಗಿದ್ರು. ಆಮೇಲೆ ನಾಪತ್ತೆ. ಆಫೀಸಿಗೆ ಹೋದ್ರೆ ಅಲ್ಲೊಬ್ಬ ಕಾನೂನು ಓದ್ದ. ಕಂಪನಿಯೋರು ಹೋಬಳಿಗೊಂದು ಟವರ್ ‘ನಿಲ್ಲಿಸಬಹುದು’ ಅಂತೈತಂತೆ. ನಿಲ್ಸಲೂಬಹುದು, ನಿಲ್ಲಿಸ್ದೆ ಇರಲೂಬಹುದು. ಮೊದ್ಲು ‘ನಿಲ್ಲಿಸತಕ್ಕದ್ದು’ ಅಂತಿತ್ತಂತೆ. ಯಾವ ಪುಣ್ಯಾತ್ಮರು ತಿದ್ದುದ್ರೋ.”

ಪುಣ್ಯಾತ್ಮಳು ಎದುರಿಗೇ ನಿಂತಿದ್ದಳು. ಕೆಲವು ವರ್ಷಗಳ ಹಿಂದೆ ಸರ್ಕಾರ ಒಂದು ನೀತಿ ತಂದಿತ್ತು: ಬೆಂಗಳೂರಿನಲ್ಲಿ ರಿಯಾಯಿತಿ ಪಡೆದ ಕಂಪನಿಗಳು ಹಿಂದುಳಿದ ಹೋಬಳಿಗಳಲ್ಲಿ ಟವರ್ ನಿಲ್ಲಿಸತಕ್ಕದ್ದು. ಆ ‘ತಕ್ಕದ್ದು’ವನ್ನು ‘ಬಹುದು’ ಮಾಡಿಸಿದ್ದು ಸೌಮ್ಯಳ ವೃತ್ತಿಯಲ್ಲೇ ದೊಡ್ಡ ಗೆಲುವು. ಯಾರ ಮನಸ್ಸೂ ನೋಯದಂತೆ, ಯಾರಿಗೂ ಗೊತ್ತಾಗದಂತೆ ಒಂದೇ ಒಂದು ಪದ. ಈಗ ಈರಕ್ಕನ ಮಾತು ಕೇಳಿದಾಗ ಅವಳ ಮನಸ್ಸಿಗೆ ಮೊದಲು ಬಂದದ್ದು ಹೆಮ್ಮೆ. ಅಷ್ಟು ದೂರದಲ್ಲಿ ಹಾಕಿದ ಗಂಟು ಈ ಜಾಲಿ ಕಾಡಿನವರೆಗೂ ಬಿಗಿಯಾಗಿ ಕೂತಿದೆಯಲ್ಲ ಎಂದು. ಆಮೇಲೆ ಕಣ್ಣು ಆ ಸೊಟ್ಟ ಮಣಿಕಟ್ಟಿನ ಮೇಲೆ ಬಿತ್ತು. ಮೈಯೆಲ್ಲ ಬೆವರಿತು. ಬಿಸಿಲಿಗೆ ಎಂದುಕೊಂಡಳು.

ವಾಪಸು ಬರುವಾಗ ಜೀಪಿನಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದಳು. ದಾಕ್ಷಾಯಣಮ್ಮ ಸೆರಗು ಬಿಗಿದುಕೊಂಡು ಅವಳ ಕಡೆ ತಿರುಗಿದರು.

“ಅದಕ್ಕೆ ಪರಿಹಾರ ಐತಾ?”

“ಇದೆ ಅತ್ತೆ. ಅವತ್ತು ಶಾಸಕರು ಗೊಣಗ್ತಾರೆ ಅಂತ ಅವರ ಸಮಾಧಾನಕ್ಕೆ ಒಂದು ಬಾಲ ಸೇರಿಸಿದ್ದೆ. ಕ್ಷೇತ್ರದ ಶಾಸಕರು ಬರೆದು ಕೇಳಿದರೆ ಮಾತ್ರ ಕಂಪನಿ ಹಾಕಲೇಬೇಕು ಅಂತ. ಇವತ್ತಿನವರೆಗೆ ಒಬ್ಬ ಶಾಸಕರೂ ಅದನ್ನ ಓದಿಲ್ಲ.”

“ಹಂಗಾದ್ರೆ ಸರಿಹೋಯ್ತು. ಟವರ್ ತತ್ತೀನಿ ಅಂತ ಮಾತು ಕೊಡು. ಗೆದ್ದು ಶಾಸಕಿ ಆಗು. ನೀನೇ ಬರ್ಕೋ, ನೀನೇ ಹಾಕ್ಸು. ಅಲ್ಲಿಗಂಟ ಬಾಯಿ ಮುಚ್ಕೊಂಡಿರು.”

ಅತ್ತೆ ಹೇಳಿದ್ದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಸೌಮ್ಯಳೂ ಒಪ್ಪಿದಳು. ಆದರೆ ಮಳೆಗಾಲ ಹತ್ತಿರವಿತ್ತು, ಚುನಾವಣೆ ಅದರಾಚೆ. ಏರಿಯ ಮೇಲಿನ ಆ ಜಾರುವ ಮಣ್ಣು ಅವಳ ಕಣ್ಣಿಗೆ ಕಟ್ಟಿಕೊಂಡಿತ್ತು. ಅದಕ್ಕಿಂತ ಹೆಚ್ಚಾಗಿ, ಪರಿಹಾರ ಕೈಯಲ್ಲಿದ್ದೂ ಸುಮ್ಮನೆ ಕೂರುವುದು ಅವಳ ಕೈಗೆ ಒಗ್ಗದ ಕೆಲಸ. ಎರಡು ದಿನ ಬಿಟ್ಟು, ಮಠಕ್ಕೆ ಹೋಗಿ ಬರುತ್ತೇನೆಂದು ಅತ್ತೆಗೆ ಹೇಳಿ, ಹಾಲಿ ಶಾಸಕ ಷಣ್ಮುಖಪ್ಪನವರ ಮನೆಗೆ ಹೋದಳು. ಅವಳು ಎದುರಿಸಬೇಕಾಗಿದ್ದ ಎದುರಾಳಿ ಅವರೇ.

ಷಣ್ಮುಖಪ್ಪ ಪಂಚೆ ಉಟ್ಟು, ಹಲ್ಲುಕಡ್ಡಿ ಕಚ್ಚಿಕೊಂಡು ಕೂತಿದ್ದರು. ಸೌಮ್ಯ ತಾನೇ ಟೈಪು ಮಾಡಿಸಿಕೊಂಡು ಬಂದಿದ್ದ ಶಿಫಾರಸು ಪತ್ರವನ್ನು ಮುಂದಿಟ್ಟಳು. ಅವರು ಪತ್ರವನ್ನು ನೋಡಿದರು, ಅವಳನ್ನು ನೋಡಿದರು, ಬಾಗಿಲ ಕಡೆ ನೋಡಿದರು.

“ಏನ್ ತಾಯಿ ಇದು? ನನ್ನ ಮೇಲೆ ನಿಂತೋಳು ನನ್ಗೇ ಕೆಲ್ಸ ತಂದ್ಕೊಟ್ಟಿದ್ದೀಯ! ಇದ್ರಾಗೇನೋ ಐತೆ. ದಾಕ್ಷಾಯಣಕ್ಕ ಕಳಿಸಿದ್ಲಾ?”

“ಅತ್ತೆಗೆ ಗೊತ್ತಿಲ್ಲ. ನೀವು ಸೈನ್ ಹಾಕಿದರೆ ಟವರ್ ಬರುತ್ತೆ. ಕಂಪನಿಯವರ ಹತ್ತಿರ ನಾನು ಮಾತಾಡ್ತೀನಿ.”

“ಇದ್ರಾಗೆ ನಿನ್ಗೇನು ಲಾಭ?”

“ಕೆಲಸ ಆದರೆ ಸಾಕು ಸರ್. ಹೆಸರು ನಿಮ್ಮದೇ ಇರಲಿ.”

ಎಷ್ಟೋ ವರ್ಷ, ಎಷ್ಟೋ ಕೋಣೆಗಳಲ್ಲಿ ಹೇಳಿ ನಾಲಿಗೆಗೆ ಒಗ್ಗಿಹೋಗಿದ್ದ ವಾಕ್ಯ ಅದು. ತಾನಾಗಿ ಹೊರಟುಬಿಟ್ಟಿತು. ಷಣ್ಮುಖಪ್ಪ ಹಲ್ಲುಕಡ್ಡಿ ಬದಿಗಿಟ್ಟು ಸೈನ್ ಹಾಕಿ, “ನಿನ್ನಂಥೋರು ನನ್ನ ವಿರೋಧಿ ಆಗಿರೋದು ನನ್ನ ಅದೃಷ್ಟ ತಾಯಿ” ಎಂದರು, ನಿಜವಾದ ಪ್ರೀತಿಯಿಂದ. ಗೇಟಿನ ಹತ್ತಿರ ಬಂದ ಮೇಲೆ ಸೌಮ್ಯಳಿಗೆ ತಾನು ಅಭ್ಯರ್ಥಿ ಎನ್ನುವುದು ನೆನಪಾಯಿತು.

ಮಳೆ ಹಿಡಿಯುವ ಮೊದಲೇ ಟವರ್ ಎದ್ದು ನಿಂತಿತು. ಅದರ ಬುಡದಲ್ಲಿ, ಅದಕ್ಕಿಂತ ಸ್ವಲ್ಪವೇ ಚಿಕ್ಕದಾದ ಷಣ್ಮುಖಪ್ಪನವರ ಫ್ಲೆಕ್ಸ್: ‘ನುಡಿದಂತೆ ನಡೆದ ಜನನಾಯಕ’. ಅವರು ನುಡಿದಿರಲೂ ಇಲ್ಲ, ನಡೆದಿರಲೂ ಇಲ್ಲ. ರೇಷನ್ ಯಂತ್ರ ಏರಿಯಿಂದ ಇಳಿದು ಅಂಗಡಿಯ ನೆರಳಿಗೆ ಬಂತು.

ಸುದ್ದಿ ತಂದವನು ರುದ್ರಮೂರ್ತಿ. ಮಂಡಿಯಲ್ಲಿ ಷಣ್ಮುಖಪ್ಪನ ಕಡೆಯವರು ನಗುತ್ತಾ ಎಲ್ಲವನ್ನೂ ಒದರಿದ್ದರು. ದಾಕ್ಷಾಯಣಮ್ಮ ಅವತ್ತು ಊಟ ಮಾಡಲಿಲ್ಲ.

“ನೀನು ಯಾವ ಪಾರ್ಟಿ ಕಣೇ? ಅದೊಂದು ಹೇಳ್ಬಿಡು.”

“ಬಿಡವ್ವ,” ರುದ್ರಮೂರ್ತಿ ಅಂದ, “ದಲ್ಲಾಳಿಗೆ ಮಾಲು ಸಾಗಿದ್ರೆ ಸಾಕು. ಯಾರ ಲಾರಿ ಅಂತ ನೋಡಲ್ಲ.”

“ನೀನು ಮುಚ್ಕೊಂಡು ಉಣ್ಣು.”

ಅಲ್ಲಿಗೇ ಮುಗಿದಿದ್ದರೂ ಆಗುತ್ತಿತ್ತು. ಆದರೆ ಟವರ್ ಬಂದಮೇಲೆ ಊರಿಗೆ ಬರೀ ರೇಷನ್ ಬರುವುದಿಲ್ಲ, ವಿಡಿಯೊಗಳೂ ಬರುತ್ತವೆ. ಚುನಾವಣೆ ಘೋಷಣೆಯಾದ ವಾರದಲ್ಲಿ ಈರಕ್ಕನ ಊರಿನ ಪ್ರತಿ ಫೋನಿಗೂ ಒಂದು ತುಣುಕು ಬಂತು. ಯಾವುದೋ ಹೋಟೆಲಿನ ವೇದಿಕೆ, ಹಿಂದೆ ನೀಲಿ ಪರದೆ, ಬಿಸ್ಕತ್ತು ಬಣ್ಣದ ಸೀರೆಯಲ್ಲಿ ಸೌಮ್ಯ ಇಂಗ್ಲಿಷಿನಲ್ಲಿ ನಗುನಗುತ್ತಾ ಮಾತಾಡುತ್ತಿದ್ದಾಳೆ. ಕೆಳಗೆ ಯಾರೋ ಕನ್ನಡದಲ್ಲಿ ದಪ್ಪಕ್ಷರ ಹಾಕಿದ್ದರು: ‘ನಾವು ಬದಲಾಯಿಸಿದ್ದು ಒಂದೇ ಪದ. ಕಂಪನಿಗಳಿಗೆ ಉಳಿದದ್ದು ನೂರಾರು ಟವರಿನ ಖರ್ಚು.’ ಸಭಿಕರು ಚಪ್ಪಾಳೆ ತಟ್ಟುವಲ್ಲಿಗೆ ತುಣುಕು ಮುಗಿಯುತ್ತಿತ್ತು. ಅನುವಾದದಲ್ಲಿ ತಪ್ಪು ಹುಡುಕಲು ಸೌಮ್ಯ ಮೂರು ಸಲ ನೋಡಿದಳು. ತಪ್ಪಿರಲಿಲ್ಲ. ಅವಳು ತರಿಸಿದ ಟವರ್ ಅದನ್ನು ಎಲ್ಲೂ ನಿಲ್ಲದಂತೆ, ತಡವರಿಸದಂತೆ, ಮನೆಮನೆಗೆ ಮುಟ್ಟಿಸಿತ್ತು.

ಆ ಊರಿನ ಸಭೆಯನ್ನು ಬಿಟ್ಟುಬಿಡೋಣ ಎಂದು ಕಾರ್ಯಕರ್ತರು ಅಂದರು. “ಹೋಗ್ದೆ ಇದ್ರೆ ಒಪ್ಕೊಂಡಂಗೆ” ಎಂದು ದಾಕ್ಷಾಯಣಮ್ಮ ಜೀಪು ಹತ್ತಿದರು.

ಶಾಲೆಯ ಮುಂದಿನ ಬಯಲಿನಲ್ಲಿ ಜನ ಸೇರಿದ್ದರು. ಸೌಮ್ಯ ಮೈಕು ಹಿಡಿಯುವ ಮೊದಲೇ ಈರಕ್ಕ ಎದ್ದು ನಿಂತಳು.

“ಅಮ್ಮಾವ್ರೇ, ಒಂದು ಕೇಳ್ತೀನಿ. ಆ ಪದ ತೆಗ್ಸಿದ್ದು ನೀವೇನಾ?”

ಸೌಮ್ಯಳಿಗೆ ಇಂಥ ಪ್ರಶ್ನೆಗೆ ಉತ್ತರಿಸುವ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಅಂದಿನ ಸಂದರ್ಭವನ್ನು ಸಮಗ್ರವಾಗಿ ನೋಡಬೇಕು ಎಂದು ಶುರುಮಾಡಿದರೆ ಕೇಳಿದವರಿಗೇ ತಾವು ಏನು ಕೇಳಿದೆವೆಂದು ಮರೆತು ಹೋಗುವಂತೆ ಮಾಡಬಲ್ಲಳು. ಬಾಯಿ ತೆರೆದಳು. ಈರಕ್ಕ ಸೊಟ್ಟ ಕೈಯನ್ನು ಸೊಂಟಕ್ಕೆ ಇಟ್ಟುಕೊಂಡು ಕಾಯುತ್ತಿದ್ದಳು. “ಹೌದು, ನಾನೇ” ಎಂಬ ಮಾತು ಹೊರಬಂತು. ನಿಲ್ಲಿಸಲಾರದೆ, “ಟವರ್ ಹಾಕಿಸಿದ್ದೂ ನಾನೇ” ಎಂದೂ ಸೇರಿಸಿದಳು.

ಬಯಲಿಗೆ ಬಯಲೇ ನಕ್ಕಿತು. “ತೆಗ್ಸಿದ್ದೂ ನೀವೇ, ಹಾಕ್ಸಿದ್ದೂ ನೀವೇ ಅಂದ್ರೆ ನಡುವೆ ಆ ಫ್ಲೆಕ್ಸಿನಾಗಿರೋರು ಯಾರವ್ವ?” ಎಂದು ಹಿಂದಿನಿಂದ ಯಾರೋ ಕೂಗಿದರು. ಸೌಮ್ಯಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಜೀವನದಲ್ಲಿ ಒಮ್ಮೆ ಬೆನ್ನುಬೆನ್ನಿಗೆ ಎರಡು ನಿಜ ಹೇಳಿದ್ದಳು. ಒಂದು ಇನ್ನೊಂದನ್ನು ನುಂಗಿಹಾಕಿತ್ತು.

ದಾಕ್ಷಾಯಣಮ್ಮ ಸೊಸೆಯ ಕೈಯಿಂದ ಮೈಕು ಕಿತ್ತುಕೊಂಡರು.

“ನಗ್ರಿ, ನಗ್ರಿ! ಹೌದು ಕಣ್ರೀ, ಇವ್ಳೇ. ಮಂತ್ರಿಗಳೆಲ್ಲ ಕೂತು ಮಾಡಿದ ಕಾನೂನ್ನ ಒಂದೇ ಪದದಾಗೆ ಮಕಾಡೆ ಮಲಗಿಸಿದೋಳು ನನ್ನ ಸೊಸೆ! ಕಂಪನಿಯೋರು ಸಂಬಳ ಕೊಟ್ಟಿದ್ಕೇ ಇಷ್ಟು ಮಾಡಿದೋಳು, ನೀವು ಓಟು ಕೊಟ್ರೆ ನಿಮ್ಗೆ ಇನ್ನೆಷ್ಟು ಮಾಡಾಳು, ಯೋಚ್ನೆ ಮಾಡಿ! ಸಾಧು ಹಸ ಬೇಕೋ, ಹಾಲು ಕೊಡೋ ಹಸ ಬೇಕೋ?”

ಶಿಳ್ಳೆ ಬಿತ್ತು. ಚಪ್ಪಾಳೆ ಬಿತ್ತು. ಸೌಮ್ಯ ಅತ್ತೆಯನ್ನು ಬೆರಗಿನಿಂದ ನೋಡಿದಳು. ಇಷ್ಟು ವರ್ಷ ಬೆಂಗಳೂರಿನಲ್ಲಿ ಇಂಥವರೊಬ್ಬರನ್ನು ಒಕ್ಕೂಟ ಹುಡುಕುತ್ತಿತ್ತಲ್ಲ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಈರಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕೈ ಸೊಟ್ಟ ಎಂಬ ಕಾರಣಕ್ಕಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು.

ಫಲಿತಾಂಶ ಬಂತು. ಸೌಮ್ಯ ಸೋತಳು. ನಾಚಿಕೆಪಡುವಷ್ಟು ದೊಡ್ಡ ಸೋಲಲ್ಲ, ಮರುಎಣಿಕೆ ಕೇಳುವಷ್ಟು ಚಿಕ್ಕದೂ ಅಲ್ಲ. ಪಂಚನಹಳ್ಳಿ ಕೈ ಹಿಡಿದಿತ್ತು. ಮುದ್ದಪ್ಪ ಮತ್ತು ತಮ್ಮ ಒಂದೇ ಆಟೋದಲ್ಲಿ ಬಂದು ಓಟು ಹಾಕಿದ್ದರಂತೆ. ಟವರ್ ಬಂದ ಊರು ಮಾತ್ರ, ಟವರ್ ತಂದ ಶಾಸಕರ ಕಡೆಗೇ ಇಡಿಯಾಗಿ ವಾಲಿತ್ತು. ಅತ್ತೆ ಲೆಕ್ಕ ಹಾಕಿ ಗೆಲುವು ಗ್ಯಾರಂಟಿ ಎಂದು ಹೋಳಿಗೆಗೆ ಬೇಳೆ ನೆನೆಸಿದ್ದರು. ಬೇಳೆ ಹಾಳಾಗುತ್ತದೆಂದು ಹೋಳಿಗೆ ಮಾಡಿಯೇಬಿಟ್ಟರು. ಮೂವರೂ ತುಪ್ಪ ಹಾಕಿಕೊಂಡು ತಿಂದರು.

ಒಕ್ಕೂಟದವರು ಬಹಳ ಮರ್ಯಾದೆಯಿಂದ ಅವಳನ್ನು ಕೈಬಿಟ್ಟರು. ಕಾನೂನು ತಿದ್ದಿಸಿದ್ದು ತಪ್ಪೆಂದು ಯಾರೂ ಅನ್ನಲಿಲ್ಲ. ಅದನ್ನು ಶಾಲೆ ಬಯಲಿನಲ್ಲಿ ನಿಂತು ಹೌದೆಂದದ್ದು ತಪ್ಪಾಗಿತ್ತು. ಆ ನೀತಿಯನ್ನು ತಾವೇ ಬರೆದದ್ದೆಂದು ಹೇಳಿಕೊಂಡು ತಿರುಗುತ್ತಿದ್ದ ಹಳೆಯ ಮಂತ್ರಿಯೊಬ್ಬರಿಗೆ ಬೇಜಾರಾಗಿತ್ತಂತೆ. ಸೌಮ್ಯ ಬೆಂಗಳೂರಿನ ಮನೆ ಖಾಲಿ ಮಾಡಿ ಕಡೂರಿಗೆ ಬಂದಳು. ಶನಿವಾರದ ರೈಲಿಗೆ ಕೆಲಸವಿಲ್ಲದಂತಾಯಿತು. ಗಂಡ ಹೆಂಡತಿ ವಾರದ ನಡುವೆಯೂ ಜಗಳವಾಡಬಹುದೆಂದು ಇಬ್ಬರಿಗೂ ಈಗಲೇ ತಿಳಿದದ್ದು.

ಒಂದು ಬೆಳಿಗ್ಗೆ ಈರಕ್ಕ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಮನೆಗೆ ಬಂದಳು. ಸಂಜೆಯ ಬಸ್ಸು ಈಗ ಊರಿನವರೆಗೆ ಬರದೆ ಚೌಳಹಿರಿಯೂರಿನಲ್ಲೇ ತಿರುಗಿಬಿಡುತ್ತಿತ್ತು. ಕಡೂರಿನ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಕತ್ತಲಲ್ಲಿ ನಡೆದು ಬರಬೇಕಿತ್ತು.

“ಷಣ್ಮುಖಪ್ಪನೋರ ಹತ್ರ ಹೋಗ್ಬೇಕಿತ್ತು,” ಎಂದಳು ಸೌಮ್ಯ. ಮಾತಿನಲ್ಲಿ ಹುಳಿ ಇತ್ತು. “ಅವರಿಗೇ ಅಲ್ವಾ ಓಟು ಹಾಕಿದ್ದು?”

“ಹೋಗಿದ್ವಿ. ನೋಡೋಣ ಅಂದ್ರು. ಅವ್ರ ಕೈಲಿ ಮಾಡ್ಸೋದು ಹೆಂಗೆ ಅಂತ ಗೊತ್ತಿರೋದು ನಿಮ್ಗೆ. ಟವರ್ ನೀವೇ ತರ್ಸಿದ್ದು ಅಂತ ಆಮೇಲೆ ನಮ್ಗೂ ಗೊತ್ತಾಯ್ತು.”

“ಗೊತ್ತಾಗಿದ್ದು ಯಾವಾಗ? ಓಟಿಗೆ ಮುಂಚೇನಾ, ಆಮೇಲಾ?”

ಈರಕ್ಕ ಮುಚ್ಚಿಡಲಿಲ್ಲ. “ಮುಂಚೇನೇ. ಕೂತು ಮಾತಾಡ್ಕೊಂಡ್ವಿ. ನೀವು ಗೆದ್ದುಬಿಟ್ರೆ, ನಿಮ್ಮ ಕೈಲಿ ಕೆಲ್ಸ ಮಾಡ್ಸಕ್ಕೆ ಇನ್ಯಾರನ್ನ ಹುಡುಕ್ಕೊಂಡು ಹೋಗೋದು?”

ಒಳಗಿನಿಂದ ದಾಕ್ಷಾಯಣಮ್ಮ ಜೋರಾಗಿ ನಕ್ಕರು. ಸೋತ ದಿನದಿಂದ ಅವರು ನಕ್ಕದ್ದು ಅದೇ ಮೊದಲು. ಸೌಮ್ಯ ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

ಷಣ್ಮುಖಪ್ಪನವರ ಮನೆಯ ಜಗಲಿಯ ತುಂಬ ಅಹವಾಲು ಹಿಡಿದ ಜನ. ಶಾಸಕರು ಅವಳನ್ನು ಕಂಡದ್ದೇ ಹಿಗ್ಗಿಹೋದರು. “ಬಾ ತಾಯಿ, ಬಾ! ಈ ಸಲ ಎಲ್ಲಿ ಸೈನ್ ಹಾಕ್ಬೇಕು?” ಎಂದು ಜೇಬಿನಿಂದ ಪೆನ್ನು ತೆಗೆದರು. ಸೌಮ್ಯ ಅಷ್ಟೇ ಚುರುಕಾಗಿ ಪತ್ರ ಬಿಡಿಸಿ ಜಾಗ ತೋರಿಸಿದಳು.

ಈರಕ್ಕನ ಸೊಟ್ಟ ಕೈ ಬಂದು ಪತ್ರದ ಮೇಲೆ ಕೂತಿತು.

“ಮೊದ್ಲು ಗಟ್ಟಿಯಾಗಿ ಓದಿ ಸ್ವಾಮಿ. ಈಯಮ್ಮ ಏನು ಬರೆದವ್ರೆ ಅಂತ ನಮ್ಗೂ ಕೇಳಿಸ್ಲಿ.”

ಷಣ್ಮುಖಪ್ಪ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡರು. ಆಮೇಲೆ ಮಗಳನ್ನು ಕೂಗಿ ಕನ್ನಡಕ ತರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಕಷ್ಟದ ಪದ ಬಂದಲ್ಲಿ ನಿಂತು ನಿಂತು, ಮೇಲಿಂದ ಓದತೊಡಗಿದರು. ಜಗಲಿಯ ಜನವೆಲ್ಲ ತಮ್ಮ ತಮ್ಮ ಮಾತು ನಿಲ್ಲಿಸಿ ಕಿವಿಗೊಟ್ಟರು. ಸೌಮ್ಯ ಅವರ ನಡುವೆ ಬೆಂಚಿನ ಮೇಲೆ ಕೂತಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ತಾನು ಬರೆದದ್ದರಲ್ಲಿ ಎಲ್ಲಾದರೂ ಸಡಿಲು ಉಳಿದಿದೆಯೇ ಎಂದು ಒಂದೊಂದೇ ಪದವನ್ನು ಅವರ ಜೊತೆಗೇ ಕೇಳಿಸಿಕೊಂಡಳು.